ಇನ್ಶೂರೆನ್ಸ್ ಮಾರಲು ನನ್ನ ನಂಬರ್ ಸಿಗುತ್ತದೆ, ಸೀಟಿನ ಲಾಕ್ ಸರಿ ಇಲ್ಲ ಅನ್ನಲು ಸಿಗುವುದಿಲ್ಲ

ಮೊನ್ನೆ ದೇವಿಮನೆ ಘಟ್ಟ ಹತ್ತುವಾಗ ನನ್ನ ಡ್ರೈವರ್ ಸೀಟು ತಾನಾಗಿಯೇ ಹಿಂದಕ್ಕೆ ಜಾರಿತು. ಕುಮಟಾದಲ್ಲಿ ಆಯಿಗೆ ಕಣ್ಣು ತೋರಿಸಿಕೊಂಡು ಶಿರಸಿಗೆ ವಾಪಸ್ ಬರುತ್ತಿದ್ದೆ. ತಿರುವಿನಲ್ಲಿ ಗೇರ್ ಇಳಿಸೋಣ ಅಂತ ಕ್ಲಚ್ ಒತ್ತಿದೆ, ಅಷ್ಟೇ. ಟಕ್ ಅಂತ ಲಾಕ್ ಬಿಟ್ಟಿತು. ಕಾಲಿಗೆ ಕ್ಲಚ್ಚೂ ಇಲ್ಲ, ಬ್ರೇಕೂ ಇಲ್ಲ. ಗಾಡಿ ಆಫ್ ಆಗಿ ಹಿಂದೆ ಉರುಳತೊಡಗಿತು. ಹಿಂದೆ ಬಸ್ಸು ಬೇರೆ. ಹ್ಯಾಂಡ್ ಬ್ರೇಕ್ ಕೈಗೆ ಸಿಕ್ಕಿದ್ದಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ. ಸೀಟು ಹೋಗಿ ನಿಂತದ್ದು ಹಿಂದೆ ಕೂತಿದ್ದ ಆಯಿಯ ಮೊಣಕಾಲಿಗೆ ಬಡಿದು. ಕಣ್ಣಿಗೆ ಔಷಧ ತರಲು ಹೋದವಳು ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾಳೆ.

ಇದು ನನಗೆ ಹೊಸದಲ್ಲ. ಎರಡು ತಿಂಗಳ ಹಿಂದೆ ಸೀಟು ಅಲ್ಲಾಡುತ್ತದೆ ಅಂತ ಹುಬ್ಬಳ್ಳಿಯ ಸರ್ವೀಸ್ ಸೆಂಟರ್‌ಗೆ ಗಾಡಿ ತಗೊಂಡು ಹೋಗಿದ್ದೆ. ನೂರು ಕಿಲೋಮೀಟರ್ ದೂರ, ಒಂದು ದಿನದ ತೋಟದ ಕೆಲಸ ಹಾಳು. "ಏನಿಲ್ಲ ಸರ್, ಕಸ ಸಿಕ್ಕಿಕೊಂಡಿತ್ತು, ಕ್ಲೀನ್ ಮಾಡಿ ಗ್ರೀಸ್ ಹೊಡೆದಿದ್ದೇವೆ" ಅಂದರು. ಜಾರುವ ಸೀಟಿಗೆ ಗ್ರೀಸ್! ಅದಕ್ಕೂ ಬಿಲ್ ಹಾಕಿದರು.

ಘಟ್ಟದ ಕತೆ ಕೇಳಿದ ಅಕ್ಕನ ಮಗ ನನ್ನ ಆರ್‌ಸಿ ಇಸಿದುಕೊಂಡು, ಹದಿನೇಳು ಅಕ್ಷರದ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿಗೆ ಹಾಕಿದ. ಎರಡೇ ನಿಮಿಷ. ನನ್ನ ಗಾಡಿ ರೀಕಾಲ್ ಪಟ್ಟಿಯಲ್ಲಿದೆ, ಅಂದರೆ ದೋಷ ಇದೆ ಅಂತ ಕಂಪನಿಯೇ ರಿಪೇರಿಗೆ ವಾಪಸ್ ಕರೆದ ಗಾಡಿಗಳ ಪಟ್ಟಿಯಲ್ಲಿ! ದೋಷ ಯಾವುದು ಗೊತ್ತಾ? ಡ್ರೈವರ್ ಸೀಟಿನ ಹಳಿಯ ಲಾಕ್. ವರ್ಷದ ಮೇಲಾಗಿದೆಯಂತೆ. ಅಂದರೆ ಗ್ರೀಸ್ ಹೊಡೆದ ದಿನವೂ ಅವರ ಕಂಪ್ಯೂಟರಿನಲ್ಲಿ ಇದು ಇತ್ತು. ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಫೋನ್ ಮಾಡಿ ಕೇಳಿದರೆ, "ಲೆಟರ್ ಕಳಿಸಿದ್ದೇವಲ್ಲ ಸರ್." ಎಲ್ಲಿಗೆ? ಬೆಂಗಳೂರಿನಲ್ಲಿದ್ದ ಮೊದಲ ಮಾಲೀಕರ ವಿಳಾಸಕ್ಕೆ! ಹೌದು, ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ. ಆದರೆ ಆರ್‌ಸಿ ನನ್ನ ಹೆಸರಿಗೆ ಆಗಿ ಎರಡು ವರ್ಷ ಆಯಿತು. ಇನ್ಶೂರೆನ್ಸ್ ಮುಗಿಯುವ ತಿಂಗಳು ಬಂದರೆ ಇದೇ ಜನ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾರೆ. ಎಕ್ಸ್‌ಚೇಂಜ್ ಮೇಳ, ಮಳೆಗಾಲದ ಚೆಕಪ್, ಎಲ್ಲದಕ್ಕೂ ನನ್ನ ಹೆಸರು ಹಿಡಿದೇ ಕರೆಯುತ್ತಾರೆ. ಆಗ ಈ ನಂಬರ್ ಯಾರು ಕೊಟ್ಟರು ಮಾರಾಯ್ರೆ?

ಕಾನೂನು ಇಲ್ಲ ಅಂತಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಮಾಡಿ ರೀಕಾಲ್ ಕಲಮನ್ನೇ ಸೇರಿಸಿದರು. 2021ರ ಏಪ್ರಿಲ್ 1ರಿಂದ ನಿಯಮವೂ ಇದೆ. ಕಂಪನಿ ತಾನಾಗಿ ವಾಪಸ್ ಕರೆಯದೆ ಸರ್ಕಾರವೇ ಹೇಳಿ ಕರೆಸುವ ಹಾಗಾದರೆ 10 ಲಕ್ಷದಿಂದ 1 ಕೋಟಿವರೆಗೆ ದಂಡ. ಕೇಳಲು ಚೆನ್ನಾಗಿದೆ. ಆದರೆ ಅದು ಏಳು ವರ್ಷದ ಒಳಗಿನ ಗಾಡಿಗೆ ಮಾತ್ರ. ನಮ್ಮ ಕಡೆ ಏಳು ವರ್ಷಕ್ಕೆ ಯಾರು ಕಾರು ಮಾರುತ್ತಾರೆ? ಅಡಿಕೆ ಚೀಲ ಹೇರಿಕೊಂಡು ಹದಿನೈದು ವರ್ಷ ಓಡಿಸುತ್ತೇವೆ. ನನ್ನದು 2020ರ ಮಾಡೆಲ್ ಅಂತ ಬಚಾವ್. ಬೆಲ್ಟ್ ಹಾಕದಿದ್ದರೆ ನನಗೆ ಸ್ಥಳದಲ್ಲೇ ಸಾವಿರ ರೂಪಾಯಿ ದಂಡ. ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಬೆಲ್ಟ್ ಕಟ್ಟಿಕೊಂಡ ಸೀಟೇ ನಿಲ್ಲದಿದ್ದರೆ?

ಈಗ ಬಂದ ಉತ್ತರ: "ರಿಪೇರಿ ಪೂರ್ತಿ ಫ್ರೀ ಸರ್, ಪಾರ್ಟ್ ಮಾತ್ರ ಬಂದಿಲ್ಲ. ಬಂದಾಗ ಹೇಳುತ್ತೇವೆ." ಯಾವ ವಿಳಾಸಕ್ಕೆ ಹೇಳುತ್ತಾರೋ ಏನೋ. ಅಲ್ಲಿಯವರೆಗೆ ಓಡಿಸಬಹುದಾ ಅಂದರೆ, "ನಿಧಾನ ಓಡಿಸಿ" ಅಂತೆ. ಘಟ್ಟದಲ್ಲಿ ನಾನು ಇಪ್ಪತ್ತರಲ್ಲಿದ್ದೆ ಸ್ವಾಮಿ, ಇನ್ನೆಷ್ಟು ನಿಧಾನ?

ಸದ್ಯಕ್ಕೆ ಸೀಟಿನ ಹಿಂದೆ ಹಳಿಗೆ ಅಡ್ಡವಾಗಿ ಹಲಸಿನ ಮರದ ತುಂಡೊಂದನ್ನು ಬಡಿದು ಕೂರಿಸಿದ್ದೇನೆ. ಪೇಟೆಗೆ ಹೋಗಿ ಬರಲು ಅಷ್ಟೇ, ಘಟ್ಟ ಇಳಿಯುವುದಿಲ್ಲ. ಆಯಿಯನ್ನು ಮುಂದಿನ ವಾರ ಮತ್ತೆ ಕಣ್ಣಿಗೆ ತೋರಿಸಬೇಕು. ಬಸ್ಸಿಗೇ ಹೋಗೋಣ ಅನ್ನುತ್ತಾಳೆ, ಆ ಮೊಣಕಾಲು ಇಟ್ಟುಕೊಂಡು.