ಒಬ್ಬಟ್ಟಲ್ಲಮ್ಮ, ಒಬಾಟ್ಸ್‌ಡ

"ಭಾನುವಾರ ಬೀರ್ ಗಾರ್ಡನ್ನಿಗೆ ಹೋಗೋಣಮ್ಮ, ಒಬಾಟ್ಸ್‌ಡ ಮಾಡ್ತೀನಿ" ಅಂದೆ. ಅಮ್ಮನ ಮುಖ ಅರಳಿತು. "ಒಬ್ಬಟ್ಟಾ? ಕಡ್ಲೆಬೇಳೆ ಇದೆಯೇನೇ ಮನೇಲಿ?"

ತಿಪಟೂರಿನಿಂದ ಮ್ಯೂನಿಕ್‌ಗೆ ಬಂದು ಅಮ್ಮನಿಗೆ ಆಗಷ್ಟೇ ಎರಡು ವಾರವಾಗಿತ್ತು. ಒಬ್ಬಟ್ಟಲ್ಲ, ಚೀಸ್ ಕಿವುಚಿ ಮಾಡೋದು, ಬ್ರೆಡ್ಡಿಗೆ ಹಚ್ಕೊಂಡು ತಿನ್ನೋದು ಅಂತ ವಿವರಿಸಿದೆ. ಅರಳಿದ ಮುಖ ಹಾಗೇ ಮುಚ್ಚಿಕೊಂಡಿತು.

ಮ್ಯೂನಿಕ್ ಇರುವ ಬವೇರಿಯಾ ಪ್ರಾಂತ್ಯದ ಆಡುಮಾತಿನಲ್ಲಿ ಒಬಾಟ್ಸ್‌ಡ ಅಂದರೆ ಹೆಚ್ಚುಕಮ್ಮಿ 'ಕಿವುಚಿದ್ದು' ಅಂತಲೇ ಅರ್ಥ. ಚೆನ್ನಾಗಿ ಹಣ್ಣಾದ ಕಾಮೆಂಬೇರ್ ಚೀಸು, ಬೆಣ್ಣೆ, ಪಾಪ್ರಿಕಾ ಪುಡಿ, ಉಪ್ಪು, ಮೆಣಸು, ಒಂಚೂರು ಬೀರು. ಎಲ್ಲ ಸೇರಿಸಿ ಫೋರ್ಕಿನಲ್ಲಿ ಕಿವುಚಿದರೆ ಕಿತ್ತಳೆ ಬಣ್ಣದ ಮುದ್ದೆ ಆಗುತ್ತದೆ. ಮೇಲೆ ಈರುಳ್ಳಿ ಬಳೆ, ಪಕ್ಕದಲ್ಲಿ ಮೂಲಂಗಿ, ಕೈಯಲ್ಲಿ ದೊಡ್ಡ ಪ್ರೆಟ್ಜೆಲ್, ಅಂದರೆ ಗಂಟು ಹಾಕಿದ ಹಾಗಿರುವ ಬ್ರೆಡ್ಡು. ಓದಿದರೆ ಐದು ನಿಮಿಷದ ಕೆಲಸ. ನಾನು ಮೋಸ ಹೋಗಿದ್ದೇ ಅಲ್ಲಿ.

ಚೀಸು 'ಹಣ್ಣಾಗಬೇಕು' ಅಂದೆನಲ್ಲ, ಅದೇ ಇದರ ಗುಟ್ಟು. ಬೆರಳಲ್ಲಿ ಒತ್ತಿದರೆ ಒಳಗಿಳಿಯಬೇಕು. ವಾಸನೆ ಪಕ್ಕದ ರೂಮಿಗೆ ಬರಬೇಕು. ಒಬಾಟ್ಸ್‌ಡ ಹುಟ್ಟಿದ್ದೇ ಮಿಕ್ಕಿದ, ಜಾಸ್ತಿ ಹಣ್ಣಾದ ಚೀಸನ್ನು ಹಾಳು ಮಾಡಬಾರದು ಅಂತ. ನಮ್ಮಲ್ಲಿ ತಂಗಳನ್ನಕ್ಕೆ ಚಿತ್ರಾನ್ನ, ಹುಳಿ ಬಂದ ಮೊಸರಿಗೆ ಮಜ್ಜಿಗೆಹುಳಿ ಇಲ್ವಾ, ಹಾಗೆ. ಮ್ಯೂನಿಕ್ ಪಕ್ಕದ ಫ್ರೈಸಿಂಗ್ ಊರಲ್ಲಿ ವೈಹೆನ್‌ಸ್ಟೆಫಾನ್ ಅಂತ ಒಂದು ಬೀರ್ ತಯಾರಿಸುವ ಜಾಗವಿದೆ. 1040ರಿಂದ ಇದ್ದೇವೆ ಅಂತ ಹೇಳಿಕೊಳ್ಳುತ್ತಾರೆ. 1920ರ ದಶಕದಲ್ಲಿ ಅಲ್ಲಿನ ಹೋಟೆಲು ನಡೆಸುತ್ತಿದ್ದವರು ಕಟಾರಿನಾ ಐಸನ್‌ರೈಖ್. ಬೆಳಗ್ಗೆಯೇ ಬೀರು ಕುಡಿಯೋಕೆ ಬರುವವರಿಗೆ ಇದನ್ನು ಬಡಿಸಿ ಹೆಸರು ಮಾಡಿದವರು ಅವರೇ. ಮಿಕ್ಕಿದ್ದಕ್ಕೆ ಬಣ್ಣ ಹಾಕಿ, ಕಾಸು ತಗೊಂಡು ಬಡಿಸಿ, ಹೊಗಳಿಸಿಕೊಂಡೂ ಬಿಟ್ಟರು. ನನಗೆ ಅವರ ಮೇಲೆ ಬಹಳ ಗೌರವ. 2015ರಲ್ಲಿ ಯುರೋಪಿಯನ್ ಯೂನಿಯನ್ ಇದಕ್ಕೆ ಬವೇರಿಯಾದ್ದು ಅನ್ನುವ ಪ್ರದೇಶದ ಗುರುತಿನ ರಕ್ಷಣೆಯನ್ನೂ ಕೊಟ್ಟಿತು, ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಇರುವ ಹಾಗೆ.

ಬುಧವಾರವೇ ಎರಡು ಕಾಮೆಂಬೇರ್ ತಂದು ಹಣ್ಣಾಗಲಿ ಅಂತ ಇಟ್ಟೆ. ಗುರುವಾರ ಅಮ್ಮ ಮೂಗು ಮುಚ್ಚಿಕೊಂಡರು. ಶುಕ್ರವಾರ ಫ್ರಿಜ್ಜಿನ ಹಿಂದೆ ಇಲಿ ಸತ್ತಿದೆಯಾ ಅಂತ ಟಾರ್ಚ್ ಬಿಟ್ಟು ಹುಡುಕಿದರು. ಶನಿವಾರ ನಾನು ಹೊರಗೆ ಹೋಗಿದ್ದೆ.

ಭಾನುವಾರ ಬೆಳಗ್ಗೆ ನೋಡಿದರೆ ಚೀಸ್ ಇಲ್ಲ. ಫ್ರಿಜ್ಜು ಮಾತ್ರ ಫಳಫಳ ಹೊಳೆಯುತ್ತಿದೆ.

"ಎರಡು ಡಬ್ಬಿ ಪೂರ್ತಿ ಬೂಷ್ಟು ಹಿಡಿದಿತ್ತು ಕಣೇ. ಬಿಸಾಕಿದೆ. ಹಾಗಾ ಇಡೋದು ಮನೇನ?"

ಆ ಬಿಳಿ ಬೂಷ್ಟಿಗೇ ಅಮ್ಮ ನಾನು ದುಡ್ಡು ಕೊಟ್ಟಿದ್ದು ಅಂತ ಹೇಳುವ ಧೈರ್ಯ ಬರಲಿಲ್ಲ.

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಂದ್. ಓಡಿದೆ ರೈಲ್ವೆ ಸ್ಟೇಷನ್ನಿಗೆ. ಅಲ್ಲೊಂದು ಅಂಗಡಿಯಲ್ಲಿ ಸಿಕ್ಕ ಕಾಮೆಂಬೇರು ಎಳೆಯದು, ಸೋಪಿನ ಹಾಗೆ ಗಟ್ಟಿ. ಫೋರ್ಕಿನಲ್ಲಿ ಕಿವುಚಿದರೆ ಫೋರ್ಕೇ ಬಗ್ಗಿತು. ಮಿಕ್ಸಿಗೆ ಹಾಕಿದೆ. ಅದು ಅರ್ಧ ಸುತ್ತಿ 'ಗುರ್ರ್' ಅಂದು ನಿಂತಿತು. ಬೀರು ಸುರಿದೆ. ಈ ಸಲ ಜೋರಾಗಿ ತಿರುಗಿತು, ಪೋಸ್ಟರ್ ಅಂಟಿಸುವ ಮೈದಾ ಅಂಟು ತಯಾರಾಯಿತು. ಅಲ್ಲಲ್ಲಿ ಚೀಸಿನ ಚೂರು ಸಿಗಬೇಕು ಅನ್ನೋದು ಈ ತಿಂಡಿಯ ಲಕ್ಷಣ. ನನ್ನದರಲ್ಲಿ ಚಮಚ ನೆಟ್ಟಗೆ ನಿಂತಿತ್ತು.

ಪಾಪ್ರಿಕಾ ಖಾಲಿ. ಪರವಾಗಿಲ್ಲ, ಅಮ್ಮ ತಂದ ಬ್ಯಾಡಗಿ ಪುಡಿ ಇದೆಯಲ್ಲ, ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ಎರಡು ಚಮಚ ಹಾಕಿದೆ. ಆಮೇಲೆ ಅಮ್ಮ ತಣ್ಣಗೆ ಹೇಳಿದರು, "ಅದರಲ್ಲಿ ಅರ್ಧ ಗುಂಟೂರು ಕಣೇ."

ಇನ್ನು ಜೀರಿಗೆ ಕಥೆ. ಇಲ್ಲಿ 'ಕ್ಯುಮೆಲ್' ಅಂದರೆ ಜೀರಿಗೆಯಲ್ಲ, ನೋಡೋಕೆ ಜೀರಿಗೆಯ ಅಣ್ಣತಮ್ಮನ ಹಾಗಿರುವ ಇನ್ನೊಂದು ಕಾಳು. ನಮ್ಮ ಜೀರಿಗೆಗೆ 'ಕ್ರೊಯ್ಟ್ಸ್‌ಕ್ಯುಮೆಲ್' ಅನ್ನಬೇಕು. ಇದು ಗೊತ್ತಿಲ್ಲದೆ ಬಂದ ಹೊಸದರಲ್ಲಿ ಕ್ಯುಮೆಲ್ ತಂದು ಸಾರಿಗೆ ಒಗ್ಗರಣೆ ಹಾಕಿ, ಕೆಮ್ಮಿನ ಔಷಧಿಯಂಥ ಸಾರು ಕುಡಿದಿದ್ದೆ. ಒಬಾಟ್ಸ್‌ಡಕ್ಕೆ ಬೇಕಾಗಿದ್ದು ಆ ಕ್ಯುಮೆಲ್ಲೇ. ಅವಸರದಲ್ಲಿ ಹಾಕಿದ್ದು ಜೀರಿಗೆ. ಜೊತೆಗೆ ಈರುಳ್ಳಿಯನ್ನು ಮೇಲೆ ಇಡೋ ಬದಲು ಒಳಗೇ ಕಲಸಿಬಿಟ್ಟೆ. ಹಾಗೆ ಮಾಡಿ ಇಟ್ಟರೆ ಕಹಿಯಾಗುತ್ತದೆ, ಅದಕ್ಕೇ ತಿನ್ನೋ ಹೊತ್ತಿಗೆ ಹಾಕುತ್ತಾರೆ ಅನ್ನೋದನ್ನು ಅವತ್ತೇ ಕಲಿತೆ.

ಬೀರ್ ಗಾರ್ಡನ್ ಅಂದರೆ ಮರಗಳ ಕೆಳಗೆ ಬೆಂಚು ಹಾಕಿ ಬೀರು ಮಾರುವ ಬಯಲು ಹೋಟೆಲು. ಅಲ್ಲಿ ಅಮ್ಮನಿಗೆ ಬಹಳ ಹಿಡಿಸಿದ್ದು ಬುತ್ತಿಯ ವಿಷಯ. "ಹೋಟೆಲಿಗೇ ಬುತ್ತಿ ತರಬಹುದಾ? ಏನೂ ಅನ್ನಲ್ವಾ?" ಅನ್ನಲ್ಲ. 1812ರಲ್ಲಿ ಬವೇರಿಯಾದ ರಾಜ ಮೊದಲನೇ ಮ್ಯಾಕ್ಸಿಮಿಲಿಯನ್ ಯೋಸೆಫ್ ಒಂದು ಆಜ್ಞೆ ಹೊರಡಿಸಿದ. ಬೀರು ತಯಾರಿಸುವವರು ತಮ್ಮ ನೆಲಮಾಳಿಗೆಯ ಹತ್ತಿರವೇ ಬೀರು ಮಾರಬಹುದು, ಆದರೆ ಬ್ರೆಡ್ ಬಿಟ್ಟು ಬೇರೆ ತಿಂಡಿ ಮಾರುವ ಹಾಗಿಲ್ಲ ಅಂತ. ಇಲ್ಲದಿದ್ದರೆ ಊರಿನ ಹೋಟೆಲಿನವರು ಬಿಡುತ್ತಿರಲಿಲ್ಲ. ಜನ ಮನೆಯಿಂದಲೇ ಕಟ್ಟಿಕೊಂಡು ಬಂದರು. ಈಗ ತಿಂಡಿಯನ್ನೂ ಮಾರುತ್ತಾರೆ, ಆದರೂ ಬುತ್ತಿಯ ಹಕ್ಕು ಹೋಗಿಲ್ಲ. ಕುಡಿಯೋದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಅಮ್ಮ ಆ ರಾಜನನ್ನು ಬಾಯ್ತುಂಬ ಹೊಗಳಿ, ಬಟ್ಟೆ ಹಾಸಿದ ಚೆಂದದ ಟೇಬಲ್ ನೋಡಿ ಕೂತು, ಪುಳಿಯೋಗರೆ ಡಬ್ಬಿ ಬಿಚ್ಚಿದರು. ತಕ್ಷಣ ಒಬ್ಬ ಬಂದು ಎಬ್ಬಿಸಿದ. ಬಟ್ಟೆ ಹಾಸಿದ್ದು ಆರ್ಡರ್ ಮಾಡಿ ತಿನ್ನುವವರಿಗೆ, ಬುತ್ತಿಯವರು ಬರೀ ಹಲಗೆಗೆ. ಅದನ್ನು ನಾನೇ ಹೇಳಬೇಕಿತ್ತು.

ನಮ್ಮನ್ನು ಕರೆದಿದ್ದು ಎದುರುಮನೆ ಅಜ್ಜಿ, ಅಪ್ಪಟ ಬವೇರಿಯಾದವರು. ನನ್ನ ಡಬ್ಬಿಯಿಂದ ಪ್ರೆಟ್ಜೆಲ್ ತುದಿಗೆ ಒಂಚೂರು ತಗೊಂಡು ಬಾಯಿಗಿಟ್ಟರು. ಅಗಿದರು. ಅರ್ಧ ಗ್ಲಾಸು ಬೀರು ಒಂದೇ ಗುಟುಕಿಗೆ ಇಳಿಯಿತು. ಕಣ್ಣೊರೆಸಿಕೊಂಡು "ಇಂಟರೆಸ್ಸಾಂಟ್" ಅಂದರು. ಜರ್ಮನಿಯಲ್ಲಿ ಆ ಮಾತು ಕೇಳಿದ ಮೇಲೆ ಡಬ್ಬಿಯ ಮುಚ್ಚಳ ಹಾಕೋದು ಒಳ್ಳೇದು.

ಆಮೇಲೆ ತಮ್ಮ ಚೀಲದಿಂದ ಇನ್ನೊಂದು ಡಬ್ಬಿ ತೆಗೆದರು. ಅವರದೇ ಒಬಾಟ್ಸ್‌ಡ. ನನ್ನ ಕೈರುಚಿಯ ಮೇಲೆ ಅಷ್ಟೊಂದು ನಂಬಿಕೆ. ಮುಚ್ಚಳ ತೆಗೆದ ಕೂಡಲೇ ನಮ್ಮ ಮನೆಯ ಶುಕ್ರವಾರದ ವಾಸನೆ.

ಅಮ್ಮ ಮೂಗು ಸೊಟ್ಟ ಮಾಡಿ, ದೊಡ್ಡವರು ಕೊಟ್ಟಿದ್ದಕ್ಕೆ ಬೇಡ ಅನ್ನಬಾರದು ಅಂತ ಬಾಯಿಗಿಟ್ಟುಕೊಂಡರು. ಇನ್ನೊಂದು ಸಲ ಅದ್ದಿದರು. ಮೂರನೇ ಸಲ ಅದ್ದುತ್ತಾ ಕೇಳಿದರು, "ನಾನು ಬಿಸಾಕಿದ್ದು ಇದೇನಾ?"

"ಹೂಂ."

"ಮೊದಲೇ ಹೇಳೋಕೇನಾಗಿತ್ತು ನಿನಗೆ?"

ಬೀರಿನ ವಿಷಯ ಮಾತ್ರ ನಾನು ಬಾಯಿಬಿಡಲಿಲ್ಲ. ಹಿತವಾದ ಹುಳಿ ಇದೆಯಲ್ಲ, ಏನದು ಅಂತ ಕೇಳಿದಾಗ ಮರದ ಕಡೆ ನೋಡುತ್ತಾ "ಚೀಸಿನದ್ದೇ ಹುಳಿ" ಅಂದೆ.

ಅಮ್ಮ ಊರಿಗೆ ಹೋಗಿ ಒಂದು ತಿಂಗಳಾದ ಮೇಲೆ ಫೋನು ಬಂತು. "ಪನೀರು, ಬೆಣ್ಣೆ ಹಾಕಿ ಅದನ್ನ ಮಾಡಿದೆ ಕಣೇ. ಸರಿಯಾಗಲಿಲ್ಲ. ಆ ಅಜ್ಜಿನ ಒಂದು ಮಾತು ಕೇಳು, ಬೀರು ಎಷ್ಟು ಚಮಚ ಹಾಕ್ತಾರೆ ಅಂತ. ನಾನು ಅದರ ಬದಲು ಮಜ್ಜಿಗೆ ಹಾಕಿಬಿಟ್ಟೆ."