ಜ್ವರಕ್ಕೆ ಫ್ಯಾರನ್‌ಹೀಟ್, ಚಳಿಗೆ ಸೆಲ್ಸಿಯಸ್

ಅಮೆರಿಕಕ್ಕೆ ಬಂದ ನಮ್ಮೋರಿಗೆ ಮೈಲಿ, ಪೌಂಡು ಎಲ್ಲಾ ಬೇಗ ಒಗ್ಗುತ್ತೆ, ಹವಾಮಾನದ ಡಿಗ್ರಿ ಮಾತ್ರ ವರ್ಷಗಟ್ಟಲೆ ಹಿಡಿಯುತ್ತೆ. ಈ ದೇಶ 1975ರಲ್ಲೇ ಮೆಟ್ರಿಕ್ ಕಾನೂನು ಮಾಡ್ತು, ಆದ್ರೆ ಕಡ್ಡಾಯ ಮಾಡ್ಲಿಲ್ಲ, ಹಂಗಾಗಿ ಇನ್ನೂ ಫ್ಯಾರನ್‌ಹೀಟೇ. ಶಿಕಾಗೋದಲ್ಲಿ ಇವತ್ತು ಇಪ್ಪತ್ತು ಅಂತ ಫೋನಲ್ಲಿ ಹೇಳಿದ್ರೆ ದಾವಣಗೆರೇಲಿರೋ ಅಮ್ಮ "ಹಿತವಾಗೈತಿ ಬಿಡಪ್ಪ" ಅಂತಾರೆ, ಅದು ಮೈನಸ್ 7 ಸೆಲ್ಸಿಯಸ್ ಹತ್ರ ಅಂತ ಅವರಿಗೆ ಹೆಂಗೆ ಗೊತ್ತಾಗ್ಬೇಕು?

ಅದೇ ಮಗೂಗೆ ನೂರೆರಡು ಜ್ವರ ಅಂದ್ರೆ ತಕ್ಷಣ ಗಾಬರಿ ಆಗ್ತಾರೆ, ಯಾಕಂದ್ರೆ ನಮ್ಮ ಕಡೆ ಬಿಸಿಲಿಗೆ ಸೆಲ್ಸಿಯಸ್, ಜ್ವರಕ್ಕೆ ಇವತ್ತಿಗೂ ಫ್ಯಾರನ್‌ಹೀಟ್. ಜರ್ಮನಿಗೆ ಹೋದ ಕನ್ನಡದೋರಿಗೆ ಇದು ಉಲ್ಟಾ, ಅಲ್ಲಿ ಡಾಕ್ಟ್ರು 39 ಅಂದ್ರೆ ಅದು ನಮ್ಮ 102.2.

ನಂಗಂತೂ ನಮ್ಮೂರಿನ ಈ ಎರಡು ಪದ್ಧತಿ ಒಟ್ಟಿಗೆ ಇಟ್ಕೊಳ್ಳೋದೇ ಸರಿ ಅನ್ಸುತ್ತೆ. ಫ್ಯಾರನ್‌ಹೀಟ್ ಡಿಗ್ರಿ ಸಣ್ಣದು, ಜ್ವರ 99ರಿಂದ 104ಕ್ಕೆ ಏರೋದು ಪಾಯಿಂಟ್ ಹಾಕದೇನೇ ತಿಳಿಯುತ್ತೆ. ಚಳಿಗೆ ಮಾತ್ರ ಸೆಲ್ಸಿಯಸ್ಸೇ ಬೇಕು, ಸೊನ್ನೆ ಕಂಡ ಕೂಡ್ಲೆ ರೋಡಲ್ಲಿ ಐಸ್ ಇರ್ಬೋದು ಅಂತ ಕಾರು ನಿಧಾನ ಮಾಡ್ತೀವಿ, ಅದೇ ಸೊನ್ನೆ ಫ್ಯಾರನ್‌ಹೀಟಲ್ಲಿ 32, ಆ ನಂಬರ್ ನೋಡಿದ್ರೆ ಬೆಂಗಳೂರಲ್ಲಿ ಬೆಳೆದೋರಿಗೆ ಆ ಭಯ ಹುಟ್ಟೋದೇ ಇಲ್ಲ, ಅವರಿಗದು ಏಪ್ರಿಲ್ ಸೆಕೆ.

ಲೆಕ್ಕ ಕಷ್ಟ ಏನಲ್ಲ. ಸೆಲ್ಸಿಯಸ್ ಡಬಲ್ ಮಾಡಿ, ಬಂದಿದ್ರಲ್ಲಿ ಹತ್ತನೇ ಒಂದು ಭಾಗ ಕಳೆದು, 32 ಸೇರ್ಸಿ. 25 ಅಂದ್ರೆ 50, ಐದು ಕಳೆದು 45, ಒಟ್ಟು 77. ಇದು ಅಂದಾಜಲ್ಲ, ಕರೆಕ್ಟಾಗೇ ಬರುತ್ತೆ. ಎಡವೋದು ವ್ಯತ್ಯಾಸದ ವಿಷಯದಲ್ಲಿ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಭೂಮಿಯ ಬಿಸಿ ಏರಿಕೆನ 1.5 ಡಿಗ್ರಿಗೆ ಹಿಡಿಯೋ ಪ್ರಯತ್ನದ ಮಾತಿದೆಯಲ್ಲ, ಅದನ್ನ ಫೋನಿನ ಕನ್ವರ್ಟರ್‌ಗೆ ಹಾಕಿದ್ರೆ 34.7 ತೋರ್ಸುತ್ತೆ, ಅದು ತಪ್ಪು, ಏರಿಕೆಗೆ 32 ಸೇರ್ಸೋ ಹಂಗೇ ಇಲ್ಲ, ಬರೀ 1.8ರಿಂದ ಗುಣಿಸ್ಬೇಕು, 2.7 ಅಷ್ಟೇ.

ಇನ್ನೊಂದು, ಊರಿಂದ ಅಡುಗೆ ವಿಡಿಯೋ ಹಾಕೋರಿಗೆ ನನ್ನ ಕೋರಿಕೆ. ಓವನ್ 180ಕ್ಕೆ ಇಡಿ ಅಂತ ಹೇಳ್ತೀರಾ, ಇಲ್ಲಿ ಅದಕ್ಕೆ 350 ಇಡ್ಬೇಕು, ನಂಬಿ 180 ಇಟ್ರೆ ಅದು 82 ಸೆಲ್ಸಿಯಸ್, ಆ ಬಿಸಿಗೆ ನೀರೂ ಕುದಿಯಲ್ಲ, ಕೇಕ್ ಎಲ್ಲಿ ಬೇಯುತ್ತೆ? ನಂಬರ್ ಪಕ್ಕ ಸೆಲ್ಸಿಯಸ್ ಅಂತ ಒಂದು ಪದ ಹಾಕಿ, ಸಾಕು.