ಕುತೂಹಲದ ಬಾಯಿಪಾಠ

ಚಿಕ್ಕಮಗಳೂರಿನ ನಮ್ಮ ಬೀದಿಯ ಮಕ್ಕಳು ಈ ವರ್ಷ ಸಂಜೆ ಹೊತ್ತು ಮಗ್ಗಿ ಹೇಳುತ್ತಿಲ್ಲ. ಪ್ರಶ್ನೆ ಹೇಳುತ್ತಿದ್ದಾರೆ. "ಕಾಫಿ ಹೂವು ಯಾಕೆ ಬೆಳ್ಳಗಿದೆ, ಕಾಫಿ ಹೂವು ಯಾಕೆ ಬೆಳ್ಳಗಿದೆ" ಎಂದು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಾ ಉರು ಹೊಡೆಯುತ್ತಾರೆ. ಉತ್ತರ ಗೊತ್ತಿರಬೇಕಾಗಿಲ್ಲ. ಹೊಸ ಪದ್ಧತಿಯಲ್ಲಿ ಪ್ರಶ್ನೆಗೇ ಅಂಕ.

ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಇದನ್ನು ಘೋಷಿಸಿದರು. ಇನ್ನು ಮೇಲೆ ಮಿಸ್ ಹೇಳುವುದು, ಮಕ್ಕಳು ಬರೆದುಕೊಳ್ಳುವುದು ಇಲ್ಲ. ಮಗುವೇ ಕೇಳುತ್ತದೆ, ನೋಡುತ್ತದೆ, ಊಹಿಸುತ್ತದೆ, ಪರೀಕ್ಷೆ ಮಾಡಿ ಕಂಡುಕೊಳ್ಳುತ್ತದೆ. ಹೆಸರು ಅನ್ವೇಷಣಾ ಕಲಿಕೆ. ನನಗೆ ನಿಜಕ್ಕೂ ಖುಷಿಯಾಯಿತು. ನಾವೆಲ್ಲ ಪಿಪೆಟ್ಟನ್ನು ಕಣ್ಣಲ್ಲಿ ನೋಡದೆಯೇ "ಪ್ರಯೋಗ ಯಶಸ್ವಿಯಾಯಿತು" ಎಂದು ರೆಕಾರ್ಡ್ ಬರೆದವರು. ತಾನೇ ಹುಡುಕಿ ತಿಳಿದದ್ದು ತಲೆಯಲ್ಲಿ ನಿಲ್ಲುತ್ತೆ, ಅಲ್ವಾ? ಆಮೇಲೆ ಫೀಸಿನ ಚೀಟಿ ಬಂತು. ಅದೂ ತಲೆಯಲ್ಲಿ ನಿಂತಿದೆ.

ಪಕ್ಕದ ಬೀದಿಯ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅದನ್ನು ನೋಡಿಯೇ ನಮ್ಮ ಬೀದಿಯವರು "ಅಲ್ಲಿ ಪಾಠಾನೇ ಮಾಡಲ್ಲ, ಬರೀ ಆಟ" ಎಂದು ಮಕ್ಕಳನ್ನು ಬಿಡಿಸಿಕೊಂಡು ಬಂದಿದ್ದು. ಈಗ ಪಾಠ ಮಾಡದೇ ಇರುವುದಕ್ಕೆ ಕಾಫಿ ಮಾರಿದ ದುಡ್ಡು ಕಟ್ಟುತ್ತಿದ್ದಾರೆ. ನಾನೂ ಕಟ್ಟಿದ್ದೇನೆ, ಸುಮ್ನೆ ಯಾಕೆ ಬೇರೆಯವರನ್ನು ಆಡಿಕೊಳ್ಳಲಿ.

ಫೀಸಿನ ಜೊತೆ ಒಂದು ಪುಸ್ತಕವೂ ಬಂತು. 'ಮಕ್ಕಳಲ್ಲಿ ಸಹಜವಾಗಿ ಮೂಡುವ ನಲವತ್ತು ಪ್ರಶ್ನೆಗಳು'. ಯಾವ ಪ್ರಶ್ನೆ ಯಾವ ಮಂಗಳವಾರ ಸಹಜವಾಗಿ ಮೂಡಬೇಕು ಎಂದು ತಾರೀಖು ಸಮೇತ ಅಚ್ಚಾಗಿದೆ. ಕಾಫಿ ಹೂವಿನ ಕುತೂಹಲ ಜುಲೈನಲ್ಲಿ ಬಿತ್ತು. ಈ ಊರಿನ ಕೂಸಿಗೂ ಗೊತ್ತು: ಮಾರ್ಚ್ ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ, ಎರಡು ಮೂರು ದಿನದಲ್ಲಿ ಬಾಡುತ್ತೆ. ಜುಲೈನಲ್ಲಿ ಗಿಡದಲ್ಲಿ ಇರುವುದು ಹಸಿರು ಕಾಯಿ. ಅದಕ್ಕೇ ಸ್ಮಾರ್ಟ್ ಬೋರ್ಡಿನಲ್ಲಿ ಹೂವು ತೋರಿಸಿದರು. ಮಕ್ಕಳು "ಗಮನಿಸಿದೆ" ಎಂದು ಬರೆದರು. ಶಾಲೆಯ ಕಿಟಕಿಯಾಚೆಗೇ ತೋಟ ಇದೆ.

ಮಿಸ್ ಬಗ್ಗೆ ನನಗೆ ಸಿಟ್ಟಿಲ್ಲ. ಪಾಪ, ಬಾಯಿ ಬಿಟ್ಟರೆ ಹಳೇ ಪದ್ಧತಿ ಅಂದುಬಿಡುತ್ತಾರೆ ಎಂದು ಅವರಿಗೆ ಭಯ. ಹೊಸದಾಗಿ ಕಲಿಯುವವರನ್ನು ದಾರಿ ತೋರಿಸದೆ ಬಿಟ್ಟರೆ ಆಗಲ್ಲ ಎಂದು ಕಿರ್ಶ್ನರ್, ಸ್ವೆಲರ್, ಕ್ಲಾರ್ಕ್ ಎಂಬ ಮೂವರು ಶಿಕ್ಷಣ ಸಂಶೋಧಕರು 2006ರಲ್ಲಿ ಬರೆದಾಗ, ಈ ಪದ್ಧತಿಯ ಪರ ಇದ್ದವರು "ಮೇಷ್ಟ್ರು ಕೈಕಟ್ಟಿ ಕೂರಲಿ ಎಂದು ನಾವೆಲ್ಲಿ ಹೇಳಿದ್ವಿ?" ಎಂಬರ್ಥದಲ್ಲೇ ಉತ್ತರ ಕೊಟ್ಟಿದ್ದರು. ಆ ಜಗಳ ನಮ್ಮ ಶಾಲೆವರೆಗೆ ಬಂದಿಲ್ಲ. ಇಲ್ಲಿ ಮಿಸ್ ಕೆಲಸ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದು. ಫೋಟೋದಲ್ಲಿ ಎಲ್ಲ ಮಕ್ಕಳ ಬೆರಳೂ ಗಲ್ಲದ ಮೇಲೆ ಇರಬೇಕು.

ಅಂಥ ಒಂದು ಮಂಗಳವಾರ ಮಗಳು ಎದ್ದು ನಿಂತಳಂತೆ. "ಮಿಸ್, ಮೂಡಿಗೆರೆಗೆ ಮಳೆ ರಜೆ ಕೊಟ್ಟಿದಾರೆ. ಕಡೂರಲ್ಲಿ ನಮ್ಮಜ್ಜಿ ಮಳೇನೇ ಇಲ್ಲ ಅಂತಾರೆ. ಎರಡೂ ಒಂದೇ ಜಿಲ್ಲೆ ಅಲ್ವಾ, ಯಾಕೆ ಹೀಗೆ?"

"ತುಂಬಾ ಒಳ್ಳೇ ಪ್ರಶ್ನೆ ಪುಟ್ಟಿ. ಆದ್ರೆ ಇವತ್ತು ಹದಿನೇಳನೇ ಪ್ರಶ್ನೆ. ಅದನ್ನ ಕೇಳು."

ಕೇಳಿದಳು. ಐದಕ್ಕೆ ಐದು.

ಮನೆಗೆ ಬಂದವಳು ಅಂಗಳದಲ್ಲಿ ಸ್ಟೀಲ್ ಡಬ್ಬಿ ಇಟ್ಟು, ಅಜ್ಜಿಗೂ ಫೋನ್ ಮಾಡಿ ಒಂದು ಇಡಿಸಿದಳು. ಅಜ್ಜಿ ಚೊಂಬು ಇಟ್ಟಿದ್ದರು. "ಚೊಂಬು ಬೇಡಜ್ಜಿ. ಹೊಟ್ಟೆ ದಪ್ಪ, ಬಾಯಿ ಚಿಕ್ಕದು. ಲೆಕ್ಕ ತಪ್ಪುತ್ತೆ. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೀನಿ." ಒಂದು ವಾರ ಸ್ಕೇಲ್ ಹಿಡಿದು ಅಳೆದಳು. ಘಟ್ಟದ ಬೆಟ್ಟಗಳು ಮೋಡ ತಡೆದು ಮೂಡಿಗೆರೆ ಕಡೆಗೇ ಮಳೆ ಸುರಿಸುತ್ತವೆ, ಆಚೆಯ ಕಡೂರಿಗೆ ಉಳಿಯುವುದು ಕಮ್ಮಿ ಎಂದು ನಾನು ಹೇಳಹೊರಟರೆ, "ಅಪ್ಪ, ಈಗಲೇ ಹೇಳ್ಬೇಡ" ಎಂದು ಬಾಯಿ ಮುಚ್ಚಿಸಿದಳು.

ಅಳತೆ ಬರೆದಿಟ್ಟ ನೋಟ್ ಪುಸ್ತಕವನ್ನು ಶಾಲೆಗೆ ಒಯ್ದಳು. ಕೆಂಪು ಶಾಯಿಯಲ್ಲಿ ವಾಪಸ್ ಬಂತು: "ಪಟ್ಟಿಯಲ್ಲಿಲ್ಲದ ಪ್ರಶ್ನೆ. ಅಂಕ 0."

ಅಷ್ಟರಲ್ಲಿ ಕಡೂರಿನಿಂದ ಫೋನ್. "ಇವತ್ತೂ ಡಬ್ಬೀಲಿ ನೀರಿಲ್ಲ ಕಣೋ. ಒಂದು ಕಾಗೆ ಬಂದು ಒಳಗೆ ಇಣುಕಿ ನೋಡ್ಕೊಂಡು ಹೋಯ್ತು. ಅದನ್ನೂ ಬರ್ಕೋಬೇಕಾ ಅಂತ ಪುಟ್ಟೀನ ಕೇಳು."